ರಸ್ತೆಯ ಮೇಲೂ ಮೇಲು–ಕೀಳೇ?

ಅನುಭವ ಮಂಟಪದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿಗೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರಿಗೂ, ರಾಜ್ಯದ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರಿಗೂ ಸಮಾನ ಸ್ಥಾನವಿತ್ತೆಂದು ನಾವು ಪ್ರತಿ ವೇದಿಕೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಸಭೆ ಮುಗಿದು ಕಾರು ಹತ್ತಿದ ಮೇಲೆ ಮುಂದೊಬ್ಬ ಸೈಕಲ್ಲಿನವನು ಕಂಡರೆ ನಮ್ಮ ಬಾಯಲ್ಲಿ ಬರುವ ಮಾತೇ ಬೇರೆ. ‘ಸರಿಯೋ ಆಚೆ’ ಎಂಬ ಏಕವಚನ, ಅದಕ್ಕೂ ಮೊದಲು ಬಿಡದೆ ಬಾರಿಸಿದ ಹಾರ್ನ್. ಅವನು ಗಾರೆ ಕೆಲಸಕ್ಕೆ ಹೊರಟವನಿರಬಹುದು, ಹಾಲಿನ ಕ್ಯಾನು ಕಟ್ಟಿಕೊಂಡವನಿರಬಹುದು, ಮನೆ ಮನೆಗೆ ಪೇಪರ್ ಹಾಕುವ ಹುಡುಗನಿರಬಹುದು. ಕಾಯಕದಲ್ಲಿ ಮೇಲು–ಕೀಳಿಲ್ಲ ಎಂದು ಒಪ್ಪಿದ ನಾವು, ಕಾಯಕಕ್ಕೆ ಹೋಗುವ ದಾರಿಯಲ್ಲಿ ಮಾತ್ರ ವಾಹನದ ಬೆಲೆ ನೋಡಿ ಮರ್ಯಾದೆ ಕೊಡುತ್ತಿದ್ದೇವೆ.

ಕಾರಿನವರ ದೂರುಗಳೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಸೈಕಲ್ಲಿನವರು ಅಂಚು ಬಿಟ್ಟು ರಸ್ತೆಯ ನಡುವೆ ಬರುತ್ತಾರೆ, ಎದುರು ದಿಕ್ಕಿನಲ್ಲಿ ನುಗ್ಗುತ್ತಾರೆ, ರಾತ್ರಿ ದೀಪವಿಲ್ಲದೆ ಓಡಾಡುತ್ತಾರೆ. ಮೂರೂ ನಿಜ. ಆದರೆ ರಸ್ತೆ ಕೆಲಸದಲ್ಲೇ ಸರ್ಕಾರಿ ಸೇವೆ ಮುಗಿಸಿದ ಇಂಜಿನಿಯರನಾಗಿ ಇದರ ಹಿಂದಿನ ಕಾರಣಗಳನ್ನೂ ಓದುಗರ ಮುಂದಿಡಬೇಕು.

ಹಳೆಯ ಡಾಂಬರಿನ ಮೇಲೆ ಹೊಸ ಪದರ ಹಾಕಿದಾಗಲೆಲ್ಲ ರಸ್ತೆ ಎತ್ತರವಾಗುತ್ತದೆ. ಬದಿಯ ಮಣ್ಣಿನ ಪಟ್ಟಿಯನ್ನು ಅಷ್ಟೇ ಎತ್ತರಿಸಿ ಗಟ್ಟಿ ಮಾಡುವ ಕೆಲಸ ಬಹಳ ಕಡೆ ಉಳಿದುಬಿಡುತ್ತದೆ. ನಾಲ್ಕಾರು ಬಾರಿ ಹೀಗಾದರೆ ಡಾಂಬರಿನ ಅಂಚಿಗೂ ಮಣ್ಣಿಗೂ ಗೇಣುದ್ದ ಅಂತರ ಬೀಳುತ್ತದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಸೈಕಲ್ಲಿನವನು ಇಳಿಯುವುದಾದರೂ ಎಲ್ಲಿಗೆ? ಇಳಿದರೆ ಬೀಳುತ್ತಾನೆ. ಊರೊಳಗಿನ ರಸ್ತೆಯಲ್ಲಿ ಅಂಚಿಗೆ ಮರಳು, ಗಾಜಿನ ಚೂರು ಸೇರಿರುತ್ತವೆ. ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ವಾಹನ ಸಾಗುವ ದಿಕ್ಕಿಗೇ ಇದ್ದರೆ ಸೈಕಲ್ಲಿನ ತೆಳು ಚಕ್ರ ನೇರ ಅದರೊಳಗೆ ಹೋಗುತ್ತದೆ. ಅದಕ್ಕಾಗಿ ಅವನು ಒಂದು ಮೀಟರ್ ಒಳಗೆ ಬರುತ್ತಾನೆ. ಕಾರಿನವನಿಗೆ ಅದು ಸೊಕ್ಕಿನಂತೆ ಕಾಣುತ್ತದೆ.

ಎದುರು ದಿಕ್ಕಿನ ಮಾತೂ ಇಂಥದ್ದೇ. ನಾಲ್ಕು ಪಥದ ಹೆದ್ದಾರಿ ಬಂದ ಕಡೆ ಊರು ಒಂದು ಬದಿಗೆ, ಹೊಲವೋ ಶಾಲೆಯೋ ಇನ್ನೊಂದು ಬದಿಗೆ ಉಳಿಯುತ್ತದೆ. ಡಿವೈಡರ್ ತೆರೆದಿರುವುದು ಒಂದು ಕಿಲೋಮೀಟರ್ ದೂರದಲ್ಲಾದರೆ, ಎದುರಿಗೇ ಕಾಣುವ ಶಾಲೆಗೆ ಎರಡು ಕಿಲೋಮೀಟರ್ ತುಳಿಯಬೇಕು. ಎಂಜಿನ್ ಇದ್ದವನಿಗೆ ಅದು ಎರಡು ನಿಮಿಷದ ಮಾತು, ಕಾಲಿನ ಬಲವೊಂದೇ ಇರುವ ಮಗುವಿಗೆ ಹಾಗಲ್ಲ. ಅಲ್ಲಿ ಬೇಕಾದದ್ದು ಅಂಡರ್‌ಪಾಸ್ ಮತ್ತು ಎರಡೂ ಬದಿಗೆ ಸರ್ವಿಸ್ ರಸ್ತೆ. ದೀಪದ ವಿಷಯದಲ್ಲಿ ಮಾತ್ರ ಸವಾರರೇ ಎಚ್ಚರಗೊಳ್ಳಬೇಕು. ಹಿಂದೆ ಪುರಸಭೆಯ ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ ಪೊಲೀಸರು ಸೈಕಲ್ಲನ್ನೂ ಹಿಡಿಯುತ್ತಿದ್ದರು. ಆ ಭಯ ಹೋಯಿತು, ಅಪಾಯ ಹೆಚ್ಚಿತು.

ಇನ್ನು ಯಾರು ಯಾರಿಗೆ ದಾರಿ ಬಿಡಬೇಕು? ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ, ಚಾಲಕ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ. ಇಬ್ಬರೂ ತಪ್ಪು ಮಾಡುತ್ತಾರೆ, ನಿಜ. ಇಬ್ಬರ ತಪ್ಪಿಗೂ ಪ್ರಾಣ ತೆರುವವನು ಹೆಚ್ಚಾಗಿ ಒಬ್ಬನೇ ಎಂಬುದೂ ನಿಜ. ಆದ್ದರಿಂದ ಹೊಣೆ ಸಮಪಾಲಲ್ಲ. ಯಾರ ವಾಹನ ಭಾರವೋ, ಯಾರ ವೇಗ ಹೆಚ್ಚೋ ಅವರ ಹೊಣೆಯೂ ಹೆಚ್ಚು.

‘ಸೈಕಲ್ಲಿಗೆ ಬೇರೆ ದಾರಿ ಮಾಡಲು ಜಾಗ ಎಲ್ಲಿದೆ?’ ಎನ್ನುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥದ ಮಾನದಂಡ ಹೊರಡಿಸಿತ್ತು. ಕನಿಷ್ಠ ಅಗಲ 2 ಮೀಟರ್. ನಮ್ಮ ಪೇಟೆ ಬೀದಿಗಳಲ್ಲಿ ಸಾಲಾಗಿ ನಿಂತ ಕಾರುಗಳು ನುಂಗಿರುವ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಶರಣ ಪರಂಪರೆಯವರಾದ ನಾವು ನಿಂತ ಸ್ಥಾವರಕ್ಕೆ ಜಾಗ ಕೊಟ್ಟು, ಚಲಿಸುವ ಜಂಗಮವನ್ನು ಅಂಚಿಗೆ ದಬ್ಬುವುದನ್ನು ಒಪ್ಪಬಹುದೇ?

ಅದೇ ಮಾನದಂಡದಲ್ಲಿ ಇನ್ನೊಂದು ಮುಖ್ಯ ಮಾತಿತ್ತು. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡುವ ದಾರಿಯಲ್ಲಿ ಗಂಟೆಗೆ 100 ಸೈಕಲ್ ಇದ್ದರೂ ಪ್ರತ್ಯೇಕ ಪಥಕ್ಕೆ ಸಮರ್ಥನೆ ಉಂಟು ಎಂದು ಅದು ಹೇಳಿತ್ತು. ದೊಡ್ಡ ಪ್ರೌಢಶಾಲೆಯ ಗಂಟೆ ಬಾರಿಸಿದಾಗ ಗೇಟಿನ ಮುಂದೆ ನಿಂತು ಎಣಿಸಿ, ನೂರಕ್ಕೆ ಬಹಳ ದೂರವಿರುವುದಿಲ್ಲ. ಎಣಿಸುವವರು ಇಲ್ಲದ್ದರಿಂದ ‘ಇಲ್ಲಿ ಸೈಕಲ್ಲೇ ಇಲ್ಲ’ ಎಂಬ ಷರಾ ಬೀಳುತ್ತದೆ. ಅಪಾಯಕ್ಕೆ ಹೆದರಿ ತಂದೆತಾಯಿ ಮಕ್ಕಳ ಸೈಕಲ್ ಬಿಡಿಸುತ್ತಾರೆ, ಷರಾ ನಿಜವಾಗುತ್ತದೆ. ನಮ್ಮ ರಾಜ್ಯ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಒಳ್ಳೆಯ ಕೆಲಸ. ಆದರೆ ಸೈಕಲ್ ಕೊಟ್ಟೆವು, ಅದು ಓಡುವ ದಾರಿ ಕೊಡಲಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಮೋಟಾರು ವಾಹನಗಳು ಒಳನುಗ್ಗಿದವು, ಗೂಟಗಳು ಮುರಿದವು. ಬಣ್ಣ, ಗೂಟ ಸಾಲದು, ಎತ್ತರಿಸಿದ ಕಲ್ಲಿನ ಅಂಚೇ ಬೇಕು.

ಮಠಗಳು ಇಲ್ಲಿ ಬಹಳ ಮಾಡಬಲ್ಲವು. ನಮ್ಮ ಮಠಗಳಿಗೆ ಶಾಲೆಗಳಿವೆ, ಪ್ರಸಾದ ನಿಲಯಗಳಿವೆ. ಪ್ರತಿ ಶಾಲೆಯ ಗೇಟಿನಲ್ಲಿ ಒಂದು ವಾರ ಬೆಳಿಗ್ಗೆ, ಸಂಜೆ ಸೈಕಲ್ ಮತ್ತು ಮೋಟಾರು ವಾಹನಗಳನ್ನು ಶಿಕ್ಷಕರು ಎಣಿಸಿ ಬರೆದಿಡಲಿ. ಆ ಲೆಕ್ಕದೊಂದಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಮನವಿ ಹೋಗಲಿ. ಅಂಕಿಸಂಖ್ಯೆ ಇರುವ ಮನವಿಯನ್ನು ಕಡತದಲ್ಲಿ ಮುಚ್ಚಿಡುವುದು ಕಷ್ಟ, ಇದು ನನ್ನ ಸೇವೆಯ ಅನುಭವ. ಮಕ್ಕಳ ಸೈಕಲ್ಲುಗಳಿಗೆ ಹಿಂಬದಿಯ ದೀಪ, ರಿಫ್ಲೆಕ್ಟರ್ ಪಟ್ಟಿ ಹಾಕಿಸಿಕೊಡುವುದು ಭಕ್ತರಿಂದ ಆಗಬಹುದಾದ ದಾಸೋಹ. ಬಸವ ಜಯಂತಿಗೆ ಹೊಗೆಯುಗುಳುವ ಬೈಕ್ ರ್‍ಯಾಲಿಯ ಬದಲು ಸೈಕಲ್ ಜಾಥಾ ನಡೆಯಲಿ. ಪೂಜ್ಯರ ವಾಹನದ ಚಾಲಕರು ಶಾಲೆಯ ಮುಂದೆ 30ರ ವೇಗಕ್ಕೆ ಇಳಿಯಲಿ, ಸೈಕಲ್ಲನ್ನು ದಾಟುವಾಗ ಒಂದು ಮಾರು ಜಾಗ ಬಿಡಲಿ, ಹಾರ್ನ್ ಮೇಲಿನ ಕೈ ತೆಗೆಯಲಿ. ಹಿಂದೆ ಬರುವ ಭಕ್ತರ ಕಾರುಗಳೂ ಅದನ್ನು ಕಲಿಯುತ್ತವೆ.

ಸಮಾನತೆಯನ್ನು ವೇದಿಕೆಯ ಮೇಲೆ ಹೇಳುವುದು ಸುಲಭ. ರಸ್ತೆಯ ಮೇಲೆ ಅದಕ್ಕೆ ಎರಡು ಮೀಟರ್ ಅಗಲ ಬೇಕು, ಬ್ರೇಕ್ ಮೇಲೆ ಒಂದು ಕಾಲು ಬೇಕು. ಅಷ್ಟನ್ನಾದರೂ ಕೊಡೋಣ.