ಮುಂದಕ್ಕೆ ಹೋಗದ ಎಫ್11

ಗಲ್ಫ್ ಬಿಟ್ಟು ನೈರೋಬಿಗೆ ಬಂದರೂ ಈ ಅಂಕಣ ನನ್ನನ್ನು ಬಿಟ್ಟಿಲ್ಲ. ಮುಥೈಗಾದಲ್ಲಿ ನನ್ನ ಗಡಿಯಾರ ಈಗಲೂ ಕುವೈತ್, ದೋಹಾದ ಗಡಿಯಾರದ ಜೊತೆಗೇ ನಡೆಯುತ್ತದೆ. ಆ ಸೆಖೆ ಮಾತ್ರ ಇಲ್ಲ. ಈ ಸಲ ಔಷಧಿಯ ಬದಲು ಕಂಪ್ಯೂಟರ್ ವಿಷಯ. ಡಿ.ಫಾರ್ಮಾ ಓದಿದವನಿಗೆ ಇದೆಲ್ಲ ಯಾಕೆ ಎಂದು ನಗಬೇಡಿ, ನಮ್ಮ ಅರ್ಧ ಡ್ಯೂಟಿ ಈಗ ವರ್ಡ್ ಫೈಲಿನಲ್ಲೇ ಮುಗಿಯುತ್ತದೆ.

ಮಕ್ಕಳ ವಾರ್ಡಿನ ಪ್ಯಾರಾಸಿಟಮಾಲ್ ಸಿರಪ್ ಸೂಚನೆಯ ಹಳೇ ಹಾಳೆಯನ್ನು ತಿದ್ದುತ್ತಿದ್ದೆ. ತುಂಬಬೇಕಾದ ಕಡೆಯೆಲ್ಲ ‘ಇಲ್ಲಿ ಬರೆಯಿರಿ’ ಎನ್ನುವಂಥ ಫೀಲ್ಡುಗಳು. ಎಫ್11 ಒತ್ತಿದರೆ ಮುಂದಿನ ಫೀಲ್ಡಿಗೆ, ಶಿಫ್ಟ್ ಹಿಡಿದು ಒತ್ತಿದರೆ ಹಿಂದಿನದಕ್ಕೆ ಹೋಗಬೇಕು. ಅವತ್ತು ಕರ್ಸರ್ ನಾನು ಆಗಲೇ ತುಂಬಿದ ಜಾಗಕ್ಕೇ ಬಂದು ಬಂದು ನಿಲ್ಲುತ್ತಿತ್ತು. ಕೀಬೋರ್ಡ್ ಕೆಟ್ಟಿದೆ ಎಂದು ಐಟಿ ಹುಡುಗನಿಂದ ಬೇರೆ ತರಿಸಿದೆ. ಅದೂ ಹಾಗೇ.

ಕಾರಣ ಟ್ರ್ಯಾಕ್ ಚೇಂಜಸ್. ಅದು ಆನ್ ಇದ್ದಾಗ ಅಳಿಸಿದ್ದು ನಿಜವಾಗಿ ಹೋಗುವುದಿಲ್ಲ; ಅಳಿಸಿದ ಗುರುತು ಹೊತ್ತು ಫೈಲಿನಲ್ಲೇ ಇರುತ್ತದೆ. ಫೀಲ್ಡಿನ ಮೇಲೆ ಟೈಪ್ ಮಾಡಿದರೂ ಹಳೇ ಫೀಲ್ಡ್ ಅಲ್ಲೇ ಕೂತಿರುತ್ತದೆ. ರಿವ್ಯೂ ಟ್ಯಾಬಿನಲ್ಲಿ ‘ನೋ ಮಾರ್ಕಪ್’ ಇಟ್ಟಿದ್ದರಿಂದ ನನಗೆ ಕಾಣುತ್ತಿರಲಿಲ್ಲ, ಎಫ್11ಕ್ಕೆ ಕಾಣುತ್ತಿತ್ತು.

‘ಆಲ್ ಮಾರ್ಕಪ್’ ಹಾಕಿ ಪ್ರಿಂಟ್ ತೆಗೆದಾಗ ಎದೆ ಧಸಕ್ಕೆಂದಿತು. ಈ ಸಿರಪ್ 5 ಮಿಲಿಗೆ 120 ಮಿಲಿಗ್ರಾಂನದೂ ಬರುತ್ತದೆ, 250ರದೂ ಬರುತ್ತದೆ. ನಮ್ಮ ಸ್ಟಾಕ್ 120ರಿಂದ 250ಕ್ಕೆ ಬದಲಾಗಿತ್ತು. ಹಾಳೆಯಲ್ಲಿ ಎರಡೂ ಅಕ್ಕಪಕ್ಕ! ಕಪ್ಪು-ಬಿಳುಪು ಪ್ರಿಂಟಿನಲ್ಲಿ 120ರ ಮೇಲಿನ ಗೆರೆ ಕೂದಲೆಳೆಯಷ್ಟು. ರಾತ್ರಿ ಪಾಳಿಯ ನರ್ಸ್ 120ರ ಲೆಕ್ಕದಲ್ಲಿ 250ರ ಸಿರಪ್ ಅಳೆದಿದ್ದರೆ ಮಗುವಿನ ಹೊಟ್ಟೆಗೆ ಎರಡು ಪಟ್ಟಿಗೂ ಹೆಚ್ಚು ಔಷಧಿ ಹೋಗುತ್ತಿತ್ತು. ಆ ಪ್ರಿಂಟನ್ನು ಅಲ್ಲೇ ಹರಿದೆ.

ಹಾಗಾಗಿ, ಮೊದಲು ತಿದ್ದುಪಡಿಗಳಿರುವ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಆಮೇಲೆ ‘ಆಲ್ ಮಾರ್ಕಪ್’ನಲ್ಲಿ ಒಂದೊಂದನ್ನೂ ಓದಿ ಅಕ್ಸೆಪ್ಟ್ ಅಥವಾ ರಿಜೆಕ್ಟ್ ಮಾಡಿ. ‘ಅಕ್ಸೆಪ್ಟ್ ಆಲ್’ ಒತ್ತಿ ಚಹಾಕ್ಕೆ ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಂಟ್ರೋಲ್-ಶಿಫ್ಟ್-ಇ ಒತ್ತಿ ಟ್ರ್ಯಾಕಿಂಗ್ ಆಫ್ ಮಾಡಿದ ಮೇಲೆ ಎಫ್11 ಸರಾಗ ಓಡುತ್ತದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀಯನ್ನೂ ಜೊತೆಗೆ ಹಿಡಿಯಬೇಕು. ಕೊಟೇಶನ್, ಸಂಬಳದ ಕರಾರು ಕಳಿಸುವ ನಿಮಗೂ ಇದು ಬೇಕು. ನೀವು ಅಳಿಸಿದ ದರವನ್ನು ಪಾರ್ಟಿ ಅಲ್ಲಿ ಕೂತು ಓದಿಯಾನು.

ಹಳೇ ಕೀಬೋರ್ಡ್ ವಾಪಸ್ ಕೇಳಲು ಹೋದೆ. ಅದಾಗಲೇ ಬೇರೆ ವಿಭಾಗಕ್ಕೆ ಹೋಗಿತ್ತು. ಚೆನ್ನಾಗಿ ಕೆಲಸ ಮಾಡುತ್ತಿದೆಯಂತೆ.