ಸೂತಕವಿಲ್ಲದ ದುಃಖ

ಮನೆಯಲ್ಲಿ ಸಾವಾದರೆ ಏನು ಮಾಡಬೇಕೆಂದು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಅಂದು ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ಬಂದವರು ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಏಳುತ್ತಾರೆ. ಸೂತಕ, ಹನ್ನೊಂದನೆಯ ದಿನ, ವರ್ಷಾಂತಿಕ ಅಂತ ದುಃಖಕ್ಕೂ ಒಂದು ಲೆಕ್ಕವಿದೆ.

ವರ್ಷಗಟ್ಟಲೆ ಪ್ರೀತಿಸಿದ ಹುಡುಗಿ ‘ಇನ್ನು ಸಾಕು’ ಅಂದುಬಿಟ್ಟರೆ? ಮರುದಿನ ಒಂಬತ್ತು ಗಂಟೆಗೆ ಆಫೀಸಿನ ಬಯೋಮೆಟ್ರಿಕ್‌ಗೆ ಹೆಬ್ಬೆಟ್ಟು ಒತ್ತಲೇಬೇಕು. ಮನೆಯಲ್ಲಿ ಅಳುವ ಹಾಗಿಲ್ಲ, ಪ್ರೀತಿಸಿದ್ದೇ ಅಲ್ಲಿ ಗೊತ್ತಿಲ್ಲ. ಜಾತಿಯ ಕಾರಣಕ್ಕೆ ಮುರಿದಿದ್ದರಂತೂ ಅಪ್ಪ ಅಮ್ಮನಿಗೆ ಒಳಗೊಳಗೇ ನೆಮ್ಮದಿ. ಗೆಳೆಯರು ‘ಹೋದ್ರೆ ಹೋಗ್ಲಿ ಬಿಡು ಮಗಾ’ ಅಂತ ಬೆನ್ನು ತಟ್ಟಿ ಮುಗಿಸುತ್ತಾರೆ. ಸಮಾಜ ಲೆಕ್ಕಕ್ಕೆ ತಗೊಳ್ಳದ ಇಂಥ ದುಃಖಗಳ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. ಎದುರಿಗೆ ಅಳಲು ಒಬ್ಬರೂ ಇಲ್ಲದಿದ್ದಾಗ ನೋವು ಇನ್ನಷ್ಟು ಕಷ್ಟವಾಗುತ್ತದೆ ಎಂಬುದು ಅವರ ವಾದ.

ಆಚರಣೆ ಇಲ್ಲದ ಆ ಖಾಲಿ ಜಾಗವನ್ನು ನಮ್ಮಲ್ಲಿ ತುಂಬಿದ್ದು ಸಿನಿಮಾ. ಶರತ್‌ಚಂದ್ರರ ‘ದೇವದಾಸ್’ ಕಾದಂಬರಿ ಅಚ್ಚಾಗಿದ್ದು 1917ರಲ್ಲಿ. ಅದು ತೆರೆಗೆ ಬಂದಾಗಿನಿಂದ ಗಡ್ಡ, ಬಾಟಲಿ, ಕೆಮ್ಮು ಮೂರೂ ಭಗ್ನಪ್ರೇಮಿಯ ಸಮವಸ್ತ್ರ. 2006ರ ‘ಮುಂಗಾರು ಮಳೆ’ಯಲ್ಲಿ ಮೊಲಕ್ಕೂ ದೇವದಾಸ ಅಂತಲೇ ಹೆಸರಿಟ್ಟರು! ಹುಡುಗಿಯರಿಗೆ ಆ ಸಮವಸ್ತ್ರವೂ ಸಿಗಲಿಲ್ಲ. ಅವರಿಗೆ ಸಿಗುವುದು ಮುಂದಿನ ತಿಂಗಳೇ ಬರುವ ಗಂಡಿನ ಕಡೆಯವರು ಮತ್ತು ಉಪ್ಪಿಟ್ಟು–ಕೇಸರಿಬಾತಿನ ತಟ್ಟೆ.

ಈ ನೋವಿನ ಬಗ್ಗೆ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪ್ರೀತಿಯಲ್ಲಿ ತಿರಸ್ಕಾರ ಉಂಡ 15 ಮಂದಿಗೆ ಬಿಟ್ಟುಹೋದವರ ಫೋಟೋ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಚುರುಕಾದ ಭಾಗಗಳಲ್ಲಿ ಕೊಕೇನ್‌ನ ಹಂಬಲಕ್ಕೆ ಸಂಬಂಧಪಟ್ಟವೂ ಇದ್ದವು. ‘ಮರೆತುಬಿಡು’ ಎಂಬ ಉಪದೇಶ ಯಾಕೆ ನಾಟುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಸಮಾಧಾನದ ಸುದ್ದಿಯೂ ಅದರಲ್ಲೇ ಇದೆ: ಬೇರೆಯಾಗಿ ಹೆಚ್ಚು ದಿನ ಕಳೆದವರಲ್ಲಿ ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು.

ಆ ದಿನಗಳು ಕಳೆಯಲು ಬಿಡದಿರುವುದು ಕೈಯಲ್ಲಿರುವ ಮೊಬೈಲು. ರಾತ್ರಿ ಹನ್ನೊಂದಕ್ಕೆ ‘ಲಾಸ್ಟ್ ಸೀನ್’ ನೋಡುವುದು, ಡಿಪಿ ಬದಲಾಯಿತಾ ಅಂತ ಇಣುಕುವುದು, ಬ್ಲಾಕ್ ಆಗಿದ್ದರೆ ಗೆಳೆಯನ ಫೋನಿನಿಂದ ಸ್ಟೇಟಸ್ ತೆರೆಯುವುದು. ನಂಬರು ಅಳಿಸುವುದನ್ನು ಕೆಲವರು ದ್ವೇಷ ಅನ್ನುತ್ತಾರೆ; ನನ್ನ ಮಟ್ಟಿಗೆ ಅದು ಕಾಮಾಲೆಯವರು ಎಣ್ಣೆ ಪದಾರ್ಥ ಬಿಟ್ಟ ಹಾಗೆ, ಬರೀ ಪಥ್ಯ. ಜೊತೆಗೆ ಹೊತ್ತಿಗೆ ಸರಿಯಾಗಿ ಊಟ, ಸಂಜೆ ಒಂದು ಸುತ್ತು ನಡಿಗೆ, ಮಧ್ಯೆ ತಡೆಯದೆ ಕೇಳುವ ಒಬ್ಬ ಅಕ್ಕನೋ ಮಾವನೋ. ‘ಅವಳಿಗಿಂತ ಒಳ್ಳೆಯವಳು ಸಿಗ್ತಾಳೆ’ ಅನ್ನುವವರನ್ನು ಮಾತ್ರ ಕೆಲಕಾಲ ದೂರವಿಡಿ.

ವಾರಗಳು ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತಾದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.