ತಾಯಿ ನುಂಗಿದ ಮಾತ್ರೆ, ಮಗಳ ಹೊಟ್ಟೆಯ ಗಡ್ಡೆ

ಮೊನ್ನೆ ಸಂಜೆ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆಯ ಮಡಿಲಲ್ಲಿ ಸ್ಕ್ಯಾನಿಂಗ್ ಲಕೋಟೆ. "ಗರ್ಭಚೀಲದಾಗೆ ಗಡ್ಡೆ ಐತಂತೆ ಕಣಕ್ಕ, ತೆಗೆಸಿಬಿಡು ಅಂದ್ರು" ಅಂದಳು. ಪಕ್ಕದಾಕೆ ಕೇಳಿದ್ದು ಒಂದೇ ಮಾತು: "ಅಂಥಾದ್ದು ಏನ್ ತಿಂದಿದ್ದೆ ನೀನು?" ಇವಳು ಉತ್ತರ ಕೊಡಲಿಲ್ಲ. ಕಿಟಕಿ ಕಡೆ ಮುಖ ತಿರುಗಿಸಿದಳು. ವಯಸ್ಸು ಮೂವತ್ತೈದು ದಾಟಿರಲಾರದು.

ಹೆಂಗಸಿಗೆ ಯಾವ ಕಾಯಿಲೆ ಬಂದರೂ ಮೊದಲ ತಪ್ಪು ಅವಳದ್ದೇ. ಭಾರ ಎತ್ತಿದಳು, ಹೊತ್ತಿಗೆ ಉಣ್ಣಲಿಲ್ಲ, ಕಂಡದ್ದೆಲ್ಲ ತಿಂದಳು. ಏನೂ ಸಿಗದಿದ್ದರೆ ಹಿಂದಿನ ಜನ್ಮದ ಪಾಪ ಇದ್ದೇ ಇದೆ. ಈ ಗಡ್ಡೆಯ ವಿಷಯದಲ್ಲಿ ಮಾತ್ರ ಪ್ರಶ್ನೆಯನ್ನೇ ಬದಲಾಯಿಸಬೇಕು ಸ್ವಾಮಿ. ಅವಳು ಏನು ತಿಂದಳು ಅನ್ನುವುದಕ್ಕಿಂತ, ಅವಳು ಹೊಟ್ಟೆಯಲ್ಲಿದ್ದಾಗ ಅವಳ ತಾಯಿಗೆ ಯಾರು ಏನು ಕೊಟ್ಟರು, ಹಸುಗೂಸಾಗಿದ್ದಾಗ ಅವಳ ಬಾಯಿಗೆ ಏನು ಬಿತ್ತು ಎಂದು ಕೇಳಬೇಕಾಗಿದೆ.

ಡಾಕ್ಟರರು ಫೈಬ್ರಾಯ್ಡ್ ಅನ್ನುವ ಈ ಗಡ್ಡೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಂಟು. ಕಡಲೆಕಾಳಿನಷ್ಟೂ ಇರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಕ್ಯಾನ್ಸರ್ ಅಲ್ಲ. ಅಪರೂಪದ್ದಂತೂ ಅಲ್ಲವೇ ಅಲ್ಲ. ಅಮೆರಿಕದ ವಾಷಿಂಗ್ಟನ್ ನಗರದ ಹೆಂಗಸರನ್ನು ಸ್ಕ್ಯಾನ್ ಮಾಡಿ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 50 ವಯಸ್ಸಿನ ಹೊತ್ತಿಗೆ ಬಿಳಿಯರಲ್ಲಿ ನೂರಕ್ಕೆ ಸುಮಾರು 70, ಕರಿಯರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಇದು ಇರುತ್ತದೆ. ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾದವರ ಪಾಡು ಬೇರೆ: ಸುರಿಯುವ ಮುಟ್ಟು, ರಕ್ತ ಕಡಿಮೆಯಾಗಿ ತಲೆಸುತ್ತು, ಸೊಂಟನೋವು, ಕೆಲವರಿಗೆ ಬಸಿರು ನಿಲ್ಲದ ಸಂಕಟ. ಹೆಣ್ಣಿನ ದೇಹದ ಹಾರ್ಮೋನುಗಳೇ ಈ ಗಡ್ಡೆಗೆ ಗೊಬ್ಬರ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ಗೊಬ್ಬರ ಗೊತ್ತಾಯಿತು. ಬೀಜ ಬಿದ್ದದ್ದು ಯಾವಾಗ?

ಇದಕ್ಕೆ ಅಮೆರಿಕದ ಒಂದು ಹಳೆಯ ಕಥೆ ಕೇಳಬೇಕು. 1938ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಡಾಡ್ಸ್ ಎಂಬ ವಿಜ್ಞಾನಿ ಹೆಣ್ಣು ಹಾರ್ಮೋನಿನಂತೆಯೇ ಕೆಲಸ ಮಾಡುವ ಒಂದು ಕೃತಕ ವಸ್ತು ತಯಾರಿಸಿದರು. ಹೆಸರು ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್, ಚಿಕ್ಕದಾಗಿ ಡಿಇಎಸ್. ಅಗ್ಗದ ಮಾತ್ರೆ. ಗರ್ಭಪಾತ ತಡೆಯುತ್ತದೆ ಅಂತ ಹೇಳಿ ಅಮೆರಿಕದಲ್ಲಿ ಲಕ್ಷಾಂತರ ಬಸುರಿಯರಿಗೆ ನುಂಗಿಸಿದರು. 1953ರಲ್ಲೇ ಶಿಕಾಗೋದಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಇದರಿಂದ ಗರ್ಭಪಾತ ನಿಲ್ಲುವುದಿಲ್ಲ ಅಂತ ಸಾಬೀತಾಗಿತ್ತು. ಆದರೂ ಮಾರಾಟ ನಿಲ್ಲಲಿಲ್ಲ. ಲಾಭ ಬರುವ ಸರಕನ್ನು ಯಾರು ತಾನೇ ತಾನಾಗಿ ಕೆಳಗಿಳಿಸುತ್ತಾರೆ? 1971ರಲ್ಲಿ ಆ ಮಾತ್ರೆ ನುಂಗಿದ ತಾಯಂದಿರ ಹರೆಯದ ಹೆಣ್ಣುಮಕ್ಕಳಲ್ಲಿ ಬಲು ಅಪರೂಪದ ಕ್ಯಾನ್ಸರ್ ಕಾಣಿಸಿತು. ಆಮೇಲೆ ಅಲ್ಲಿನ ಸರ್ಕಾರ ಎಚ್ಚೆತ್ತು, ಬಸುರಿಯರಿಗೆ ಕೊಡಬೇಡಿ ಅಂದಿತು. ಗಮನಿಸಿ, ಮಾತ್ರೆ ನುಂಗಿದ್ದು ತಾಯಿ. ಕಾಯಿಲೆ ಬಿದ್ದದ್ದು ಮಗಳು, ಅದೂ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ.

ಕ್ಯಾನ್ಸರಿನ ಕಥೆ ಅಲ್ಲಿಗೆ ಬಯಲಾಯಿತು. ಗಡ್ಡೆಯ ವಿಷಯ ಹೊರಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಗಡ್ಡೆ ಬರುವ ಗುಣ ಹುಟ್ಟಿನಿಂದಲೇ ಇದ್ದ ಒಂದು ತಳಿಯ ಹೆಣ್ಣು ಇಲಿಮರಿಗಳಿಗೆ, ಹುಟ್ಟಿದ ಕೆಲವೇ ದಿನದಲ್ಲಿ ಡಿಇಎಸ್ ಕೊಟ್ಟು ನೋಡಿದರು. ಕೊಡದ ಇಲಿಗಳಲ್ಲಿ ನೂರಕ್ಕೆ ಸುಮಾರು 65ಕ್ಕೆ ಗಡ್ಡೆ ಬಂದರೆ, ಕೊಟ್ಟವುಗಳಲ್ಲಿ 90ಕ್ಕೂ ಮೇಲೆ. ಗರ್ಭಕೋಶ ರೂಪುಗೊಳ್ಳುವ ಹೊತ್ತಿನಲ್ಲಿ ಹೊರಗಿನ ಹಾರ್ಮೋನು ಬಂದು ಜೀವಕೋಶಗಳ ಸ್ವಿಚ್ಚು ತಿರುಗಿಸಿಬಿಡುತ್ತದೆ. ಮೈನೆರೆದ ಮೇಲೆ ಸ್ವಂತ ಹಾರ್ಮೋನು ಹರಿದಾಗ ಆ ಕೋಶಗಳು ಅತಿಯಾಗಿ ಕುಣಿಯುತ್ತವೆ. ಇದು ವಿಜ್ಞಾನಿಗಳ ವಿವರಣೆ.

ಇಲಿ ಬೇರೆ, ಮನುಷ್ಯರು ಬೇರೆ ಅಂತೀರಾ? ಸರಿ. ಅಮೆರಿಕದಲ್ಲೇ ಸಿಸ್ಟರ್ ಸ್ಟಡಿ ಅನ್ನುವ ದೊಡ್ಡ ಅಧ್ಯಯನದಲ್ಲಿ ಸಾವಿರಾರು ಹೆಂಗಸರ ಬಾಲ್ಯದ ವಿವರ ಕಲೆಹಾಕಿದರು. 2010ರಲ್ಲಿ ಫಲಿತಾಂಶ ಬಂತು. 35 ವರ್ಷದೊಳಗೆ ಗಡ್ಡೆ ಕಾಣಿಸಿಕೊಂಡದ್ದು ಯಾರಿಗೆ ಹೆಚ್ಚು? ಗರ್ಭದಲ್ಲಿ ಡಿಇಎಸ್ ಸೋಕಿದವರಿಗೆ, ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಿಗೆ, ತಿಂಗಳು ತುಂಬುವ ಮೊದಲೇ ಹುಟ್ಟಿದವರಿಗೆ, ಎಳವೆಯಲ್ಲಿ ಸೋಯಾ ಹಾಲಿನ ಪುಡಿ ಕುಡಿದವರಿಗೆ. ಸೋಯಾದಲ್ಲಿ ಹೆಣ್ಣು ಹಾರ್ಮೋನನ್ನು ಹೋಲುವ ಅಂಶ ಇದೆ, ಅದಕ್ಕೇ ಅನುಮಾನ.

ಅನುಮಾನ ಅಂದೆವು, ತೀರ್ಪು ಅನ್ನಲಿಲ್ಲ. ಇದೆಲ್ಲ ಹೆಚ್ಚಾಗಿ ನೆನಪಿನ ಮೇಲೆ ನಿಂತ ಲೆಕ್ಕ. ಡಿಇಎಸ್ ವಿಷಯದಲ್ಲೂ ಎಲ್ಲ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಡೆಟ್ರಾಯಿಟ್‌ನಲ್ಲಿ ಸುಮಾರು 1,700 ಕರಿಯ ಯುವತಿಯರನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಸೋಯಾ ಪುಡಿ ಕುಡಿದವರಲ್ಲಿ ಗಡ್ಡೆ ಇದ್ದವರ ಪ್ರಮಾಣ ಹೆಚ್ಚಿರಲಿಲ್ಲ. ಇದ್ದವರಲ್ಲಿ ಗಾತ್ರ ಮಾತ್ರ ದೊಡ್ಡದಿತ್ತು. ಮಗುವಿಗೆ ಡಾಕ್ಟರೇ ಸೋಯಾ ಪುಡಿ ಬರೆದುಕೊಟ್ಟಿದ್ದರೆ ಈ ಪತ್ರಿಕೆ ಓದಿ ನಿಲ್ಲಿಸಲು ಹೋಗಬೇಡಿ.

ಅಮೆರಿಕದ ಮಾತು ನಮಗ್ಯಾಕೆ ಅನ್ನುವ ಅಂಗಡಿ ಯಜಮಾನರಿಗೆ ನಮ್ಮ ದೇಶದ್ದೇ ಒಂದು ನೆನಪು. ಎರಡು ಹೆಣ್ಣು ಹಾರ್ಮೋನುಗಳನ್ನು ಜಾಸ್ತಿ ಪ್ರಮಾಣದಲ್ಲಿ ಬೆರೆಸಿದ ಇ.ಪಿ. ಮಾತ್ರೆ ಗೊತ್ತಲ್ಲ? ಬಸಿರು ನಿಂತಿದೆಯೋ ಇಲ್ಲವೋ ಪರೀಕ್ಷಿಸಲು ಅಂತ, ಮುಟ್ಟು ಬರಿಸಲು ಅಂತ ಕೌಂಟರಿನ ಮೇಲೇ ಕೊಡುತ್ತಿದ್ದರು. ಹೊಟ್ಟೆಯ ಕೂಸಿಗೆ ಅಪಾಯ ಆದೀತೆಂದು 1982ರಲ್ಲಿ ಕೇಂದ್ರ ಸರ್ಕಾರ ನಿಷೇಧಕ್ಕೆ ಕೈಹಾಕಿತು. ಕಂಪನಿಗಳು ಕೋರ್ಟಿಗೆ ಹೋಗಿ ತಡೆ ತಂದವು. ಕೊನೆಗೆ ನಿಷೇಧ ಆದದ್ದು 1988ರಲ್ಲಿ. ಆ ಆರು ವರ್ಷದಲ್ಲಿ ಎಷ್ಟು ಬಸುರಿಯರು ನುಂಗಿದರೋ, ಲೆಕ್ಕ ಇಟ್ಟವರಿಲ್ಲ. ಆ ಮಾತ್ರೆಯಿಂದಲೇ ಗಡ್ಡೆ ಬಂತು ಅಂತ ನಾವು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದ ಹೆಣ್ಣುಕೂಸುಗಳಿಗೆ ಈಗ ನಲವತ್ತರ ಆಸುಪಾಸು. ಅವರನ್ನು ಯಾರಾದರೂ ಹುಡುಕಿ ಕೇಳಿದ್ದಾರಾ?

ಇವತ್ತು ಹಬ್ಬಕ್ಕೆ, ಮದುವೆಗೆ, ಯಾತ್ರೆಗೆ ಮುಟ್ಟು ಮುಂದೂಡುವ ಹಾರ್ಮೋನು ಮಾತ್ರೆಯನ್ನು ಚೀಟಿ ಇಲ್ಲದೆ ಕೊಡುವ ಔಷಧಿ ಅಂಗಡಿಗಳಿಗೆ ಬರ ಇಲ್ಲ. "ಬಸಿರಿದ್ದೀಯೇನಮ್ಮ?" ಎಂದು ಕೇಳುವವರು ಎಷ್ಟು ಮಂದಿ? ಹತ್ತು ರೂಪಾಯಿ ವ್ಯಾಪಾರ ಹೋದರೆ ಹೋಗಲಿ, ಡಾಕ್ಟರ ಚೀಟಿ ತನ್ನಿ ಅನ್ನಿ. ಹಾಗೆಯೇ ಹಸುಗೂಸಿನ ಡಬ್ಬಿ ಪುಡಿಗೆ ಜಾಹೀರಾತು, ಪುಕ್ಕಟೆ ಸ್ಯಾಂಪಲ್, ಉಡುಗೊರೆ ಎಲ್ಲ 1992ರ ಕಾಯ್ದೆಯಲ್ಲೇ ನಿಷಿದ್ಧ ಎಂಬುದು ಅಂಗಡಿಯವರಿಗೂ ನೆನಪಿರಲಿ.

ಇನ್ನು "ತೆಗೆಸಿಬಿಡು" ಅನ್ನುವವರ ವಿಚಾರ. ಗಡ್ಡೆ ಇದ್ದ ಮಾತ್ರಕ್ಕೆ ಗರ್ಭಕೋಶವನ್ನೇ ತೆಗೆಯಬೇಕಿಲ್ಲ. ತೊಂದರೆ ಕೊಡದಿದ್ದರೆ ಕಾಯಬಹುದು, ಔಷಧಿ ಇದೆ, ಗಡ್ಡೆಯೊಂದನ್ನೇ ತೆಗೆಯುವ ಆಪರೇಷನ್ನೂ ಇದೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ, ದಲಿತ ಹೆಣ್ಣುಮಕ್ಕಳಿಗೆ ಬೇಕಿಲ್ಲದೆ ಗರ್ಭಕೋಶ ತೆಗೆದ ದೂರುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದ್ದವು. ಇಂಥದ್ದನ್ನು ತಡೆಯಲು ಕೇಂದ್ರದ ಮಾರ್ಗಸೂಚಿ ಬಂದದ್ದು 2022ರಲ್ಲಿ. ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿದ್ದು 2023ರ ಏಪ್ರಿಲ್‌ನಲ್ಲಿ. ಅದರ ಪ್ರಕಾರ ಜಿಲ್ಲೆಗೊಂದು ಉಸ್ತುವಾರಿ ಸಮಿತಿ ಇರಬೇಕು.

ನಮ್ಮ ಜಿಲ್ಲೆಯ ಸಮಿತಿಯಲ್ಲಿ ಯಾರು ಯಾರಿದ್ದಾರೆ, ಎಷ್ಟು ಸಲ ಸಭೆ ಸೇರಿದ್ದಾರೆ, ನಲವತ್ತರೊಳಗಿನ ಎಷ್ಟು ಹೆಂಗಸರ ಗರ್ಭಕೋಶ ಯಾವ ಯಾವ ನರ್ಸಿಂಗ್ ಹೋಮಿನಲ್ಲಿ ಹೋಯಿತು? ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಲೆಕ್ಕವನ್ನು ಆಸ್ಪತ್ರೆಯ ನೋಟೀಸ್ ಬೋರ್ಡಿಗೆ ಹಚ್ಚಲಿ. ಬಸ್ಸಿನ ಆ ಹೆಣ್ಣುಮಗಳು ಲಕೋಟೆ ಹಿಡಿದು ಇಳಿದುಹೋದಳು. ಮುಂದಿನ ವಾರ ಅಡ್ಮಿಟ್ ಆಗಬೇಕಂತೆ. ಅಷ್ಟರೊಳಗೆ ಇನ್ನೊಬ್ಬ ಡಾಕ್ಟರ ಹತ್ತಿರ ತೋರಿಸು ತಾಯಿ ಎಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.